ಯೋಗ್ಯತೆ ಕೇಳದ ಪಂಕ್ತಿ

ನಮ್ಮ ತಂದೆಯವರು ದಾನದ ವಿಷಯದಲ್ಲಿ ಬಲು ಲೆಕ್ಕದ ಮನುಷ್ಯರು. ಕೊಡುತ್ತಿರಲಿಲ್ಲವೆಂದಲ್ಲ, ಕೊಡುವ ಮೊದಲು ವಿಚಾರಿಸುತ್ತಿದ್ದರು. ಯಾವ ಊರು, ಏಕೆ ಬಂದೆ, ಮೈಯಲ್ಲಿ ದುಡಿಯುವ ಕಸುವಿಲ್ಲವೆ, ಕುಡಿಯುವ ಚಟ ಉಂಟೆ? ಉತ್ತರ ಸಮರ್ಪಕವೆನಿಸಿದರೆ ಒಳಕ್ಕೆ ಕೂಗಿ, "ಇವನಿಗೊಂದು ಎಲೆ ಹಾಕು" ಎನ್ನುವರು. ಇಲ್ಲವಾದರೆ, ಅಪಾತ್ರದಾನದಿಂದ ಕೊಟ್ಟವನಿಗೂ ಕೊಂಡವನಿಗೂ ಕೇಡೆಂದು ಹೇಳಿ ಜಗಲಿಯಿಂದ ಎದ್ದು ಹೋಗುವರು. ಮನೆಗೆ ಹಿತ್ತಲ ಬಾಗಿಲೊಂದಿತ್ತು. ಅಲ್ಲಿ ನಮ್ಮ ತಾಯಿ ಇರುತ್ತಿದ್ದರು. ಮುಂಬಾಗಿಲಿನ ಪರೀಕ್ಷೆಯಲ್ಲಿ ನಪಾಸಾದವನು ಬೇಲಿಯನ್ನು ಬಳಸಿ ಹಿತ್ತಲಿಗೆ ಬಂದು, ಬಾವಿಕಟ್ಟೆಯ ಬಳಿ ಕುಳಿತು ಉಂಡು ಹೋಗುತ್ತಿದ್ದ. ಅಲ್ಲಿ ಪ್ರಶ್ನೆಗಳಿರಲಿಲ್ಲ. ಈ ವ್ಯವಸ್ಥೆ ತಂದೆಯವರಿಗೆ ತಿಳಿದೇ ಇತ್ತೆಂದು ಈಗ ನನಗೆ ತೋರುತ್ತದೆ.

ನಾನಂತೂ ತಂದೆಯವರ ಮಗನಾಗಿಯೇ ಬೆಳೆದೆ. ಸಂಬಳದ ಕೆಲಸಕ್ಕೆ ಸೇರಿ ಸ್ವಂತ ಮನೆ ಮಾಡಿದ ಮೇಲೆ ಒಂದು ಮಳೆಗಾಲದ ಸಂಜೆ, ಕುಡಿದು ಬಂದು ಗೇಟು ಹಿಡಿದು ನಿಂತ ಮುದುಕನೊಬ್ಬನನ್ನು ನಾನು ಗದರಿಸಿ ಕಳಿಸಿದೆ. ಅವನು ಕೇಳಿದ್ದು ಹಣವನ್ನಲ್ಲ, ಊಟವನ್ನು. ನನ್ನ ಮನೆಗೆ ಹಿತ್ತಲ ಬಾಗಿಲಿರಲಿಲ್ಲ. ಆ ಮುಖ ಇಷ್ಟು ವರ್ಷಗಳಾದರೂ ನನ್ನನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಇಂದಿನ ಭಾಷಣದಲ್ಲಿ, ಈ ಪಾತ್ರಾಪಾತ್ರದ ಪ್ರಶ್ನೆಯನ್ನೇ ಬದಿಗಿಟ್ಟು ಪಂಕ್ತಿ ಹಾಕಿದ ಕೆಲವರ ವಿಚಾರ ಹೇಳಬೇಕೆಂದಿದ್ದೇನೆ. ಅವರು ನ್ಯೂಯಾರ್ಕಿನ ಕ್ರೈಸ್ತರು. 'ಕ್ಯಾಥೊಲಿಕ್ ವರ್ಕರ್' ಎಂಬ ಹೆಸರಿನವರು.

ಹಸಿದವರಿಗೆ ಉಣಿಸುವುದು ಕ್ರೈಸ್ತಧರ್ಮದಲ್ಲಿ ಹೊಸ ಮಾತಲ್ಲ. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ಚಿತ್ರವೊಂದಿದೆ. ಅಲ್ಲಿ ಮನುಷ್ಯನನ್ನು ಅಳೆಯುವುದು ಅವನ ಪೂಜೆಯಿಂದಲ್ಲ, ಪಾಂಡಿತ್ಯದಿಂದಲೂ ಅಲ್ಲ. ಹಸಿದವನಿಗೆ ಉಣಿಸಿದನೆ, ಬಾಯಾರಿದವನಿಗೆ ಕುಡಿಸಿದನೆ, ಪರದೇಶಿಗೆ ಮನೆಯಲ್ಲಿ ಎಡೆ ಕೊಟ್ಟನೆ ಎಂಬುದರಿಂದ. ಹಸಿದು ಬಂದವನು ಯೇಸುವೇ ಎಂಬುದು ಅಲ್ಲಿಯ ಭಾವ. ನಾಲ್ಕನೆಯ ಶತಮಾನದಲ್ಲಿ ಬಾಸಿಲನೆಂಬ ಬಿಷಪ್ಪನು ಸಿಸೇರಿಯಾ ಪಟ್ಟಣದ ಹೊರಗೆ ಬಡವರಿಗೂ ರೋಗಿಗಳಿಗೂ ದಾರಿಹೋಕರಿಗೂ ದೊಡ್ಡದೊಂದು ಆಶ್ರಯಸ್ಥಾನವನ್ನು ಕಟ್ಟಿಸಿದ. ಅದೇ ಕಾಲದ ಜಾನ್ ಕ್ರಿಸೊಸ್ಟಮನು, ಪ್ರತಿ ಮನೆಯಲ್ಲೂ ಯೇಸುವಿಗೆಂದು, ಅಂದರೆ ಮನೆಯಿಲ್ಲದವನಿಗೆಂದು, ಒಂದು ಕೋಣೆ ಇರಲಿ ಎಂದು ಬೋಧಿಸಿದ. ನಮ್ಮಲ್ಲಿ ದಾಸೋಹವನ್ನು ಕಂಡವರಿಗೆ, ಸಿದ್ಧಗಂಗೆಯ ಪಂಕ್ತಿಯಲ್ಲಿ ಕುಳಿತು ಉಂಡವರಿಗೆ, ಈ ಭಾವ ಅಪರಿಚಿತವೆನಿಸಲಾರದು.

ಆದರೆ ಧರ್ಮದ ಮಾತು ಒಂದು ದಾರಿಯಲ್ಲಿ ನಡೆದರೆ ಲೋಕದ ಲೆಕ್ಕ ಇನ್ನೊಂದು ದಾರಿಯಲ್ಲಿ ನಡೆಯುತ್ತದೆ. ಇಂಗ್ಲೆಂಡಿನಲ್ಲಿ 1834ರಲ್ಲಿ ಬಡವರ ಕಾಯಿದೆಯನ್ನು ತಿದ್ದಿದಾಗ ಅದರ ಹಿಂದಿನ ತತ್ತ್ವ ಬಹಳ ಸ್ಪಷ್ಟವಾಗಿತ್ತು: ನೆರವು ಪಡೆಯುವವನ ಬಾಳು ಅತ್ಯಂತ ಕಡಿಮೆ ಕೂಲಿಯವನ ಬಾಳಿಗಿಂತಲೂ ಕಷ್ಟವಾಗಿರಬೇಕು, ಇಲ್ಲವಾದರೆ ಯಾರು ತಾನೆ ದುಡಿದಾರು? 1869ರಲ್ಲಿ ಲಂಡನ್ನಿನಲ್ಲಿಯೂ, 1877ರಿಂದ ಅಮೆರಿಕದ ಪಟ್ಟಣಗಳಲ್ಲಿಯೂ ದಾನಸಂಘಟನೆಯ ಸಂಸ್ಥೆಗಳು ಹುಟ್ಟಿಕೊಂಡವು. ಬೇಡುವವನ ಮನೆಗೆ ಹೋಗಿ ವಿಚಾರಣೆ ನಡೆಸುವುದು, ಅವನು ಎರಡು ಕಡೆ ಉಣ್ಣದಂತೆ ನೋಡಿಕೊಳ್ಳುವುದು ಅವುಗಳ ಮುಖ್ಯ ಕೆಲಸ. ಯೋಗ್ಯ ಬಡವ, ಅಯೋಗ್ಯ ಬಡವ ಎಂಬ ವಿಂಗಡಣೆ ಒಂದು ಶಾಸ್ತ್ರವೇ ಆಯಿತು. ನಮ್ಮ ತಂದೆಯವರು ಅಲ್ಲಿದ್ದಿದ್ದರೆ ಅವರಿಗೆ ಒಳ್ಳೆಯ ಹುದ್ದೆ ದೊರೆಯುತ್ತಿತ್ತು.

ಇದಕ್ಕೆ ವಿರುದ್ಧವಾಗಿ ಹೊರಟವರೂ ಇದ್ದರು. ವಿಲಿಯಂ ಬೂತ್ 1865ರಲ್ಲಿ ಪೂರ್ವ ಲಂಡನ್ನಿನಲ್ಲಿ ಆರಂಭಿಸಿದ ಸೇವೆ ಮುಂದೆ ಸಾಲ್ವೇಶನ್ ಆರ್ಮಿಯಾಯಿತು. ಕುಡುಕರನ್ನೂ ಬೀದಿಯವರನ್ನೂ ಅದು ಹುಡುಕಿಕೊಂಡು ಹೋಯಿತು. 1882ರಲ್ಲಿ ಭಾರತಕ್ಕೂ ಬಂತು. ಅದರ ಉಪಕಾರವನ್ನು ಸಣ್ಣದೆನ್ನಲಾಗದು. ಆದರೂ ಆ ಬಗೆಯ ಕ್ರೈಸ್ತ ಛತ್ರಗಳಲ್ಲಿ ಸಾಮಾನ್ಯವಾಗಿ ಊಟದ ಜೊತೆಗೆ ಉಪದೇಶವೂ ಇರುತ್ತಿತ್ತು. ಎಷ್ಟೋ ಕಡೆ ಮೊದಲು ಕೀರ್ತನೆ, ಆಮೇಲೆ ಸೂಪು. ಹಸಿದ ಹೊಟ್ಟೆಯವನು ಕೀರ್ತನೆಯನ್ನು ಎಷ್ಟು ಗಮನದಿಂದ ಕೇಳಿಯಾನು ಎಂಬುದು ಬೇರೆ ಮಾತು.

ಇನ್ನು ಡೊರೊಥಿ ಡೇ ಎಂಬ ಹೆಣ್ಣುಮಗಳ ಕಡೆಗೆ ಬರೋಣ. ಆಕೆ ಹುಟ್ಟಿದ್ದು 1897ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಪತ್ರಿಕಾ ಬರಹಗಾರನೊಬ್ಬನ ಮಗಳಾಗಿ. 1906ರ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪದ ವೇಳೆಗೆ ಆ ಕುಟುಂಬ ಕೊಲ್ಲಿಯ ಆಚೆಯ ಓಕ್ಲೆಂಡ್‌ನಲ್ಲಿತ್ತು. ಮನೆ ಕಳೆದುಕೊಂಡು ಬಂದವರಿಗೆ ಆ ಊರಿನವರು ತಮ್ಮಲ್ಲಿದ್ದುದನ್ನೆಲ್ಲ ಹಂಚಿದರು. ಎಂಟು ವರ್ಷದ ಹುಡುಗಿ ಅದನ್ನು ಕಣ್ಣಾರೆ ಕಂಡಳು. ಆಪತ್ತು ಬಂದ ದಿನ ಮನುಷ್ಯರು ಹೀಗಿರಬಲ್ಲರಾದರೆ ಉಳಿದ ದಿನಗಳಲ್ಲಿ ಏಕಿರಬಾರದು? ಈ ಪ್ರಶ್ನೆ ಆಕೆಯಲ್ಲಿ ಕೊನೆಯವರೆಗೂ ಉಳಿಯಿತು. ಬೆಳೆದ ಮೇಲೆ ಆಕೆ ಸೇರಿದ್ದು ಚರ್ಚನ್ನಲ್ಲ, ಸಮಾಜವಾದಿ ಪತ್ರಿಕೆಗಳನ್ನು. 1917ರಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ನಡೆದ ಚಳವಳಿಯಲ್ಲಿ ಸೆರೆಮನೆಗೂ ಹೋದಳು. 1926ರಲ್ಲಿ ಮಗಳು ಹುಟ್ಟಿದಾಗ ಮನಸ್ಸು ಬೇರೆಯ ಕಡೆಗೆ ಹೊರಳಿತು. 1927ರ ಡಿಸೆಂಬರಿನಲ್ಲಿ ಆಕೆ ಕ್ಯಾಥೊಲಿಕ್ ಪಂಥವನ್ನು ಸೇರಿದಳು. ಧರ್ಮವನ್ನೊಪ್ಪದ ಸಂಗಾತಿಯಿಂದ ಅಗಲಬೇಕಾಯಿತು. ಹಳೆಯ ಗೆಳೆಯರ ಕಣ್ಣಿನಲ್ಲಿ ಅದು ಪಕ್ಷದ್ರೋಹ. ಹೊಸ ಧರ್ಮದವರಲ್ಲಿ ಪರಿಚಯಸ್ಥರಿಲ್ಲ. 1952ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಗೆ ಆಕೆ 'ದೀರ್ಘ ಏಕಾಂತ' ಎಂಬ ಅರ್ಥ ಬರುವ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

1932ರ ಡಿಸೆಂಬರಿನಲ್ಲಿ ನಿರುದ್ಯೋಗಿಗಳು ವಾಷಿಂಗ್ಟನ್ನಿಗೆ ನಡೆಸಿದ ಹಸಿವಿನ ಮೆರವಣಿಗೆಯನ್ನು ವರದಿ ಮಾಡಲು ಆಕೆ ಹೋಗಿದ್ದಳು. ಮೆರವಣಿಗೆ ನಡೆಸಿದವರು ಕಮ್ಯೂನಿಸ್ಟರು. ಬಡವರ ಹೆಸರಿನಲ್ಲಿ ಇವರು ನಡೆಯುತ್ತಿರುವಾಗ ನನ್ನ ಧರ್ಮದವರು ಎಲ್ಲಿ ಎಂಬ ಸಂಕಟ ಆಕೆಗೆ. ಅಲ್ಲಿಯ ದೇವಾಲಯವೊಂದರಲ್ಲಿ, ತನಗೊಂದು ದಾರಿ ತೋರೆಂದು ಕಣ್ಣೀರಿಟ್ಟು ಬೇಡಿಕೊಂಡಳು. ನ್ಯೂಯಾರ್ಕಿಗೆ ಮರಳಿದಾಗ ಮನೆಯಲ್ಲಿ, ಮುದುಡಿದ ಬಟ್ಟೆಯ, ಜೇಬುಗಳ ತುಂಬ ಕಾಗದ ತುರುಕಿಕೊಂಡ ಒಬ್ಬ ನಡುವಯಸ್ಸಿನ ಮನುಷ್ಯ ಕಾಯುತ್ತಿದ್ದ. ಅವನೇ ಪೀಟರ್ ಮೊರಿನ್. ದಕ್ಷಿಣ ಫ್ರಾನ್ಸಿನ ರೈತಕುಟುಂಬದವನು, 1877ರಲ್ಲಿ ಹುಟ್ಟಿದವನು, ಅಮೆರಿಕದಲ್ಲಿ ಕೂಲಿಯಾಗಿ ಅಲೆದವನು, ಸಿಕ್ಕಿದವರಿಗೆಲ್ಲ ಉಪನ್ಯಾಸ ಕೊಡುವವನು. ಒಮ್ಮೆ ಯಾವುದೋ ಪ್ರಾಧ್ಯಾಪಕರ ಮನೆಗೆ ಊಟಕ್ಕೆ ಹೋದಾಗ, ಮನೆಯೊಡತಿ ಇವನನ್ನು ಗ್ಯಾಸಿನ ಮೀಟರು ನೋಡುವವನೆಂದು ತಿಳಿದು ನೆಲಮಾಳಿಗೆಗೆ ಕಳಿಸಿದಳೆಂದು ಹೇಳುತ್ತಾರೆ. ತನ್ನ ವಿಚಾರಗಳನ್ನು ಅವನು ಚಿಕ್ಕಚಿಕ್ಕ ಸಾಲುಗಳಲ್ಲಿ, ಹೇಳಿದ ಮಾತನ್ನೇ ತಿರುಗಿಸಿ ತಿರುಗಿಸಿ ಬರೆಯುತ್ತಿದ್ದ. ಕಾಗದದ ಮೇಲೆ ನೋಡಿದರೆ ನಮ್ಮ ವಚನಗಳ ಆಕಾರ ನೆನಪಾಗುತ್ತದೆ. ಅವನ ಯೋಜನೆಯಲ್ಲಿ ಮೂರು ಅಂಗಗಳಿದ್ದವು: ವಿಚಾರಕ್ಕೊಂದು ಪತ್ರಿಕೆ, ಹಸಿದವರಿಗೆ ಅತಿಥಿಗೃಹಗಳು, ನಗರವನ್ನು ಬಿಟ್ಟು ದುಡಿಯಲು ಹೊಲಮನೆಗಳು. ಹೊಲಮನೆಗಳ ಕತೆ ಬಹುಮಟ್ಟಿಗೆ ಸೋಲಿನ ಕತೆ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಪತ್ರಿಕೆ ಮೊದಲು ಬಂತು. 1933ರ ಮೇ ಒಂದನೆಯ ತಾರೀಖು, ಕಾರ್ಮಿಕರ ದಿನ, ಯೂನಿಯನ್ ಚೌಕದಲ್ಲಿ ಸೇರಿದ್ದ ಎಡಪಂಥೀಯ ಜನಸ್ತೋಮದ ನಡುವೆ, ಒಂದು ಪ್ರತಿಗೆ ಒಂದು ಸೆಂಟಿನಂತೆ ಮಾರಿದರು. ಅಚ್ಚು ಹಾಕಿಸಿದ್ದು 2,500 ಪ್ರತಿ. ತಗಲಿದ ವೆಚ್ಚ 57 ಡಾಲರು. ಕಮ್ಯೂನಿಸ್ಟರ 'ಡೇಲಿ ವರ್ಕರ್'ಗೆ ಎದುರಾಗಿ ಇದು 'ಕ್ಯಾಥೊಲಿಕ್ ವರ್ಕರ್'. ಮೂರು ವರ್ಷಗಳೊಳಗೆ ಪ್ರಸಾರ ಲಕ್ಷವನ್ನು ದಾಟಿತು.

ಅತಿಥಿಗೃಹ ಬಂದ ಬಗೆ ಬೇರೆ. ಆ ವರ್ಷ ಅಮೆರಿಕದಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಬಾಡಿಗೆ ಕೊಡಲಾರದೆ ಹೊರಬಿದ್ದವರ ಕುರ್ಚಿ ಮಂಚಗಳು ಕಾಲುದಾರಿಯ ಮೇಲೆ ಬಿದ್ದಿರುತ್ತಿದ್ದವು. ಬಡವರಿಗೆ ಮನೆಯಲ್ಲಿ ಎಡೆ ಕೊಡಬೇಕೆಂದು ಪೀಟರ್ ಬರೆದ; ಓದಿದ ಬಡವರು ನೇರವಾಗಿ ಪತ್ರಿಕೆಯ ಬಾಗಿಲಿಗೇ ಬಂದರು! ಬರೆದವರು ಏನು ಮಾಡಬೇಕು? ಆ ಚಳಿಗಾಲದಲ್ಲಿ ಹತ್ತು ಮಂದಿ ಹೆಂಗಸರು ಮಲಗುವಷ್ಟು ಸ್ಥಳವನ್ನು ಬಾಡಿಗೆಗೆ ಹಿಡಿದರು, ಆಮೇಲೆ ಗಂಡಸರಿಗೊಂದು. ಮಾಟ್ ಬೀದಿಗೆ ಬಂದ ಮೇಲೆ ಬೆಳಗಿನ ಕಾಫಿ ಬ್ರೆಡ್ಡಿಗಾಗಿ ನೂರಾರು ಜನ ಸಾಲು ನಿಲ್ಲತೊಡಗಿದರು. 1930ರ ದಶಕ ಮುಗಿಯುವ ವೇಳೆಗೆ ದೇಶದ ಬೇರೆ ಬೇರೆ ಊರುಗಳಲ್ಲಿ ಇಂಥ ಮನೆಗಳು ಮೂವತ್ತರಷ್ಟಾಗಿದ್ದವು. ಸಾಹಿತಿಯೊಬ್ಬ ತಾನು ಬರೆದುದಕ್ಕೆ ಇಷ್ಟು ಬೇಗ, ಇಷ್ಟು ದುಬಾರಿಯಾಗಿ ಬೆಲೆ ತೆತ್ತದ್ದು ಅಪರೂಪ.

ಈ ಮನೆಗಳು ನಡೆಯುವ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದುಡಿಯುವವರಿಗೆ ಸಂಬಳವಿಲ್ಲ, ಊಟ, ಮಲಗಲು ಒಂದು ಮೂಲೆ, ಅಷ್ಟೆ. ಸರಕಾರದ ಅನುದಾನವನ್ನು ಕೇಳುವುದಿಲ್ಲ. ದಾನ ಕೊಟ್ಟವರಿಗೆ ತೆರಿಗೆಯ ವಿನಾಯಿತಿ ಸಿಗುವಂತೆ ಸಂಸ್ಥೆಯನ್ನು ನೋಂದಾಯಿಸುವುದೂ ಇಲ್ಲ. ದಯೆಗೆ ಸರಕಾರದ ರಸೀದಿ ಏಕೆ ಎಂಬ ನಿಲುವು. ಬಂದವರು ಅತಿಥಿಗಳು. ಅವರ ಹೆಸರನ್ನು, ಜಾತಿಯನ್ನು, ಧರ್ಮವನ್ನು, ಕುಡಿಯುತ್ತೀರಾ ಎಂಬುದನ್ನು ಕೇಳುವುದಿಲ್ಲ. ಊಟಕ್ಕೆ ಮುನ್ನ ಉಪದೇಶ ಕೇಳಬೇಕೆಂಬ ಕಟ್ಟಳೆಯಿಲ್ಲ. ಪ್ರಾರ್ಥನೆ ಇರುತ್ತದೆ, ಬೇಕಾದವರು ಬರಬಹುದು. ಇವರಿಗೆ ಎಷ್ಟು ದಿನ ಇರಲು ಅವಕಾಶ ಕೊಡುತ್ತೀರಿ ಎಂದು ಸಮಾಜಸೇವಾ ಇಲಾಖೆಯ ಹೆಂಗಸೊಬ್ಬಳು ಕೇಳಿದಾಗ, ಬಂದವರು ನಮ್ಮ ಮನೆಯವರು, ಇಲ್ಲೇ ಬದುಕುತ್ತಾರೆ, ಇಲ್ಲೇ ಸಾಯುತ್ತಾರೆ, ನಾವೇ ಮಣ್ಣು ಮಾಡುತ್ತೇವೆ ಎಂಬರ್ಥದ ಉತ್ತರವನ್ನು ಡೊರೊಥಿ ಕೊಟ್ಟಳು.

ಕೇಳುವುದಕ್ಕೆ ಇದು ಬಹಳ ಸುಂದರವಾಗಿದೆ. ನೋಡುವುದಕ್ಕೆ ಅಷ್ಟು ಸುಂದರವಾಗಿರಲಿಲ್ಲವೆಂಬುದನ್ನು ಆಕೆಯೇ ಮುಚ್ಚಿಡದೆ ಬರೆದಿದ್ದಾಳೆ. ತಿಗಣೆ, ಹೇನು, ಕೊಳೆತ ಬಟ್ಟೆಯ ವಾಸನೆ, ಕುಡಿದವರ ಕೂಗಾಟ, ಹೊಡೆದಾಟ, ಕಳವು. ಆ ಮನೆಯಲ್ಲೇ ಬೆಳೆದ ಸ್ವಂತ ಮಗಳ ಸಾಮಾನುಗಳಿಗೂ ಭದ್ರತೆ ಇರಲಿಲ್ಲ. ಆಕೆಯ ಮರಣಾನಂತರ, 2008ರಲ್ಲಿ, ದಿನಚರಿಗಳು ಅಚ್ಚಾದವು. ಅವುಗಳಲ್ಲಿ ದಣಿವು ಉಂಟು, ಸಿಡುಕು ಉಂಟು, ಸಿಡುಕಿದ್ದಕ್ಕೆ ಪಶ್ಚಾತ್ತಾಪವೂ ಉಂಟು. ಆಕೆಗೆ ದಾಸ್ತೊಯೆವ್‌ಸ್ಕಿ ಬಲು ಪ್ರಿಯ. ಕರಮಜೋವ್ ಸೋದರರ ಕಾದಂಬರಿಯಲ್ಲಿ ಜೋಸಿಮಾ ಎಂಬ ವೃದ್ಧ ಸಂನ್ಯಾಸಿ, ಕನಸಿನಲ್ಲಿ ಪ್ರೀತಿಸುವುದಕ್ಕೂ ಕೈಯಾರೆ ದುಡಿದು ಪ್ರೀತಿಸುವುದಕ್ಕೂ ಇರುವ ಅಂತರವನ್ನು ಹೇಳುವ ಭಾಗವೊಂದಿದೆ. ಆ ಮಾತನ್ನು ಆಕೆ ಮತ್ತೆ ಮತ್ತೆ ನೆನೆಯುತ್ತಿದ್ದಳು. ಓದಿದ ಕಾದಂಬರಿ ಹೀಗೆ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬಂದದ್ದನ್ನು ಸಾಹಿತ್ಯದ ಅಧ್ಯಾಪಕನಾದ ನಾನು ಸಂತೋಷದಿಂದಲೇ ಹೇಳುತ್ತೇನೆ.

ಸಾಹಿತ್ಯದ ಮಾತು ಬಂದುದರಿಂದ ಇನ್ನೊಂದು ಪ್ರಸಂಗ. 1956ರಲ್ಲಿ, ಮನೆ ಬೆಂಕಿಯ ಸುರಕ್ಷೆಯ ನಿಯಮಕ್ಕೆ ತಕ್ಕಂತಿಲ್ಲವೆಂದು ನ್ಯಾಯಾಲಯ ಡೊರೊಥಿಗೆ 250 ಡಾಲರು ದಂಡ ವಿಧಿಸಿತು. ಹಣವೆಲ್ಲಿದೆ? ನ್ಯಾಯಾಲಯಕ್ಕೆಂದು ಹೊರಟಾಗ, ಹಳೆಯ ಬಟ್ಟೆ ಹಂಚುವ ಬಾಗಿಲಲ್ಲಿ ನಿಂತಿದ್ದ ಜನರ ನಡುವಿನಿಂದ ಸುಕ್ಕುಸುಕ್ಕು ಉಡುಪಿನವನೊಬ್ಬ ಮುಂದೆ ಬಂದು, ದಂಡಕ್ಕೆ ನನ್ನದೂ ಸ್ವಲ್ಪ ಇರಲಿ ಎಂದು ಕಾಗದವೊಂದನ್ನು ಕೈಗಿಟ್ಟ. ಆತ ಮೊತ್ತವನ್ನು ಹೇಳಿದ ರೀತಿಯಲ್ಲಿ ಎರಡೂವರೆ ಡಾಲರೆಂದು ಆಕೆ ತಿಳಿದಳು. ದಾರಿಯಲ್ಲಿ ಬಿಡಿಸಿ ನೋಡಿದರೆ 250 ಡಾಲರಿನ ಚೆಕ್ಕು, ಕೆಳಗೆ ಡಬ್ಲ್ಯು. ಎಚ್. ಆಡೆನ್ ಎಂದು ಸಹಿ. ಆ ಕಾಲದ ಇಂಗ್ಲಿಷ್ ಕವಿಗಳಲ್ಲಿ ಅಗ್ರಗಣ್ಯನಾದವನನ್ನು ಆಕೆ ಸಾಲಿನಲ್ಲಿ ನಿಂತವರಲ್ಲಿ ಒಬ್ಬನೆಂದು ತಿಳಿದಿದ್ದಳು. ಗುರುತಿಸಲಿಲ್ಲವಲ್ಲ ಎಂದು ಆಮೇಲೆ ಪೇಚಾಡಿಕೊಂಡಳಂತೆ. ಪೇಚಾಡಬೇಕಾದದ್ದೇನೂ ಇರಲಿಲ್ಲವೆಂದು ನನ್ನ ಅಭಿಪ್ರಾಯ.

1960ರ ಸಂಗತಿ ಇದಕ್ಕಿಂತಲೂ ವಿಚಿತ್ರ. ನೆಲದಡಿಯ ರೈಲಿಗಾಗಿ ನಗರಾಡಳಿತ ಕ್ರಿಸ್ಟಿ ಬೀದಿಯಲ್ಲಿದ್ದ ಇವರ ಮನೆಯನ್ನು ವಶಪಡಿಸಿಕೊಂಡು, ಪರಿಹಾರವಾಗಿ 68,700 ಡಾಲರನ್ನೂ, ತಡವಾದುದಕ್ಕೆ ಬಡ್ಡಿಯೆಂದು 3,579 ಡಾಲರು 39 ಸೆಂಟನ್ನೂ ಕಳಿಸಿತು. ಡೊರೊಥಿ ಬಡ್ಡಿಯ ಹಣವನ್ನು ಹಿಂದಿರುಗಿಸಿದಳು. ಬಡ್ಡಿ ತೆಗೆದುಕೊಳ್ಳುವುದು ಹಳೆಯ ಕ್ರೈಸ್ತಧರ್ಮದ ಪ್ರಕಾರ ಪಾಪ. ನಮಗೆ ಬೇಡ ಎಂದು ಖಜಾನೆಗೆ ಪತ್ರ ಬರೆದಳು. ನಾಳಿನ ಸೂಪಿಗೆ ಕಾಳು ಎಲ್ಲಿಂದ ಬರುತ್ತದೆಂದು ತಿಳಿಯದವರು ಮೂರೂವರೆ ಸಾವಿರ ಡಾಲರನ್ನು ಮರಳಿಸಿದ್ದು ವಿವೇಕವೆ? ನನಗೆ ಇಂದಿಗೂ ಸಂಶಯವುಂಟು. ಅಷ್ಟು ಹಣದಲ್ಲಿ ಎಷ್ಟು ಬ್ರೆಡ್ಡು ಬರುತ್ತಿತ್ತು! ಆದರೆ ಆ ಬ್ರೆಡ್ಡಿನ ಲೆಕ್ಕ ಹಾಕುವವನು ಅಂಥ ಮನೆಯನ್ನು ತೆರೆಯುತ್ತಲೇ ಇರಲಿಲ್ಲವೇನೋ.

ಇವರ ಮೇಲೆ ಎರಡು ಕಡೆಯಿಂದಲೂ ಆಕ್ಷೇಪಣೆಗಳು ಬಂದವು. ಸೋಮಾರಿಗಳನ್ನು ಸಾಕುತ್ತೀರಿ ಎಂದರು ಒಬ್ಬರು. ಸೂಪು ಕೊಟ್ಟು ಬಡವನ ಸಿಟ್ಟನ್ನು ಆರಿಸುತ್ತೀರಿ, ಬಡತನಕ್ಕೆ ಕಾರಣವಾದ ವ್ಯವಸ್ಥೆ ಹಾಗೇ ಉಳಿಯುತ್ತದೆ ಎಂದರು ಇನ್ನೊಬ್ಬರು. ಎರಡನೆಯದು ಗಂಭೀರವಾದ ಮಾತು. ಆದರೆ ಡೊರೊಥಿಗೆ ಅದು ತಗಲುವುದಿಲ್ಲ. ಆಕೆ ಒಂದು ಕೈಯಲ್ಲಿ ಸೌಟನ್ನೂ ಇನ್ನೊಂದರಲ್ಲಿ ಲೇಖನಿಯನ್ನೂ ಹಿಡಿದವಳು. ಎರಡನೆಯ ಮಹಾಯುದ್ಧವನ್ನೂ ವಿರೋಧಿಸಿ ಪತ್ರಿಕೆಯ ಅರ್ಧಕ್ಕಿಂತ ಹೆಚ್ಚು ಓದುಗರನ್ನು ಕಳೆದುಕೊಂಡಳು. ಹಲವು ಅತಿಥಿಗೃಹಗಳು ಮುಚ್ಚಿಹೋದವು. ಗಾಂಧೀಜಿಯವರು ತೀರಿಕೊಂಡಾಗ, 1948ರ ಫೆಬ್ರುವರಿಯ ಸಂಚಿಕೆಯಲ್ಲಿ, ಅವರನ್ನು ಕುರಿತು ಶ್ರದ್ಧೆಯಿಂದ ಬರೆದಳು. ಅಣುಬಾಂಬಿನ ಅಣಕು ಕವಾಯತಿನಲ್ಲಿ ಅಡಗಿಕೊಳ್ಳಲು ಒಪ್ಪದೆ 1955ರಿಂದ ಹಲವು ಬಾರಿ ಬಂಧನಕ್ಕೊಳಗಾದಳು. 1970ರಲ್ಲಿ ಕಲ್ಕತ್ತೆಗೆ ಬಂದು ಮದರ್ ತೆರೇಸಾರನ್ನು ಕಂಡಳು. 1973ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದ ಹೊಲಗೂಲಿಗಳ ಪರವಾಗಿ ನಿಂತು ಕೊನೆಯ ಬಾರಿ ಸೆರೆಮನೆಗೆ ಹೋದಳು.

ಕೆಲವು ವರ್ಷಗಳ ಹಿಂದೆ ನಾನು ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ, ಆ ಊರಿನ ಚರ್ಚೊಂದರ ನೆಲಮಾಳಿಗೆಯಲ್ಲಿ ಮನೆಯಿಲ್ಲದವರಿಗೆ ವಾರಕ್ಕೊಮ್ಮೆ ಊಟ ಹಾಕುವುದುಂಟೆಂದು ತಿಳಿಯಿತು. ಅದು ಕ್ಯಾಥೊಲಿಕ್ ವರ್ಕರ್ ಮನೆಯಲ್ಲ. ಸಾಧಾರಣ ಚರ್ಚು, ಸಾಧಾರಣ ಜನ. ನಿವೃತ್ತ ಶಿಕ್ಷಕಿ, ಅಂಚೆ ಇಲಾಖೆಯವನೊಬ್ಬ, ಕಾಲೇಜಿನ ಒಂದಿಬ್ಬರು ಹುಡುಗಿಯರು. ಹೊತ್ತು ಹೋಗದ ಮುದುಕನಾದ ನಾನೂ ಸೇರಿಕೊಂಡೆ. ಮೊದಲ ವಾರ ಈರುಳ್ಳಿ ಹೆಚ್ಚಿದೆ. ಎರಡನೆಯ ವಾರ ಬ್ರೆಡ್ಡು ಹಂಚಲು ನಿಲ್ಲಿಸಿದರು. ಒಬ್ಬ ಮನುಷ್ಯ ಬಂದ. ಮೈಮೇಲೆ ಮೂರು ಕೋಟು, ಕೈ ನಡುಗುತ್ತಿತ್ತು. ಹತ್ತಿರ ಬಂದಾಗ ಸಾರಾಯಿಯ ವಾಸನೆ. ನಾನು ಕೊಟ್ಟ ತುಂಡನ್ನು ನೋಡಿ, ಇದು ಬೇಡ, ಆ ಕೊನೆಯ ಗಟ್ಟಿ ಅಂಚಿನ ತುಂಡು ಬೇಕು ಎಂದ. ಬಿಟ್ಟಿ ಊಟಕ್ಕೆ ಬಂದವನಿಗೆ ಇಷ್ಟು ಮಾತೇ ಎಂದು ನನ್ನ ಮನಸ್ಸು ಅಂದಿತು. ಮನಸ್ಸು ಅಂದದ್ದನ್ನು ಮುಖವೂ ಹೇಳಿರಬೇಕು. ಪಕ್ಕದಲ್ಲಿದ್ದ ಶಿಕ್ಷಕಿ ಏನೂ ಹೇಳದೆ ಹೊಸ ಬ್ರೆಡ್ಡೊಂದನ್ನು ತೆಗೆದು, ಅದರ ಎರಡು ಕೊನೆಗಳನ್ನೂ ಕುಯ್ದು ಅವನ ತಟ್ಟೆಯಲ್ಲಿಟ್ಟಳು.

ಪಾತ್ರೆ ತೊಳೆಯುವಾಗ ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಮನುಷ್ಯ ಎಲ್ಲಿ ಕುಳಿತರೂ ಏಳು ಎನ್ನುತ್ತಾರೆ. ಎಲ್ಲಿ ಮಲಗಿದರೂ ನಡೆ ಎನ್ನುತ್ತಾರೆ. ತೊಡುವ ಕೋಟು ಬೇರೆಯವರು ಬೇಡವೆಂದು ಕೊಟ್ಟದ್ದು. ಇಡೀ ವಾರದಲ್ಲಿ ಅವನು ತನಗೆ ಬೇಕಾದ್ದನ್ನು ಆರಿಸಿಕೊಳ್ಳುವುದು ಈ ಬ್ರೆಡ್ಡಿನ ತುಂಡೊಂದನ್ನೇ. ನಾನು ಸುಮ್ಮನೆ ತಟ್ಟೆ ಒರೆಸಿದೆ. ಗೇಟು ಹಿಡಿದು ನಿಂತಿದ್ದ ಮುದುಕನ ನೆನಪಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಮುಂದಿನ ವಾರವೂ ಹೋದೆ. ಆ ಮನುಷ್ಯ ಬಂದಿರಲಿಲ್ಲ.

ಡೊರೊಥಿ ಡೇ 1980ರ ನವೆಂಬರ್ 29ರಂದು, ಮೂರನೆಯ ಬೀದಿಯಲ್ಲಿ ಮನೆಯಿಲ್ಲದ ಹೆಂಗಸರಿಗೆಂದು ತಾನು ತೆರೆದಿದ್ದ ಮೇರಿಹೌಸ್‌ನಲ್ಲಿ, ಅವರ ನಡುವೆಯೇ ತೀರಿಕೊಂಡಳು. ಶವಯಾತ್ರೆ ಚರ್ಚಿನ ಬಾಗಿಲಿಗೆ ಬಂದಾಗ ನ್ಯೂಯಾರ್ಕಿನ ಕಾರ್ಡಿನಲ್ಲರು ಪೆಟ್ಟಿಗೆಯನ್ನು ಆಶೀರ್ವದಿಸಲು ನಿಂತಿದ್ದರು. ಆಗ ಬುದ್ಧಿ ಸ್ಥಿಮಿತದಲ್ಲಿಲ್ಲದವನೊಬ್ಬ ಜನರನ್ನು ತಳ್ಳಿಕೊಂಡು ಮುಂದೆ ಬಂದು, ಪೆಟ್ಟಿಗೆಯ ಮೇಲೆ ಬಾಗಿ ಬಹಳ ಹೊತ್ತು ದಿಟ್ಟಿಸಿದ. ಯಾರೂ ಅವನನ್ನು ತಡೆಯಲಿಲ್ಲ.

ಆಕೆಯನ್ನು ಸಂತಳೆಂದು ಘೋಷಿಸಬೇಕೆಂಬ ವಿಚಾರಣೆ 2000ದಲ್ಲಿ ವಿಧಿವತ್ತಾಗಿ ಆರಂಭವಾಯಿತು. ಒಂದನೆಯ ಬೀದಿಯ ಸೇಂಟ್ ಜೋಸೆಫ್ ಹೌಸ್ 1968ರಿಂದ ಅದೇ ಕಟ್ಟಡದಲ್ಲಿದೆ. ಬೆಳಗಿನ ಸೂಪಿಗೆ ಪ್ರಸಿದ್ಧವಾದ ಮನೆ ಅದು. ಇಂಥ ಮನೆಗಳು ಈಗ ನೂರಕ್ಕೂ ಹೆಚ್ಚು. ಪತ್ರಿಕೆಯೂ ಬರುತ್ತಿದೆ. ಬೆಲೆ ಈಗಲೂ ಒಂದು ಸೆಂಟು, ಅಂಚೆವೆಚ್ಚ ಪ್ರತ್ಯೇಕ.